ಮಳೆ ಅಂದ್ರೆ ಎಷ್ಟು ಅಂಕ?

ಆಫೀಸಿನಲ್ಲಿ ಒಂದು ರಿಲೀಸು ಮುಗಿಯುವಷ್ಟರಲ್ಲಿ ಇನ್ನೊಂದು ಶುರುವಾಗಿ, ಈ ಕಡೆ ತಲೆ ಹಾಕದೆ ಎರಡು ತಿಂಗಳಾಯ್ತು. ಬರೀಬೇಕು ಅಂದುಕೊಂಡಿದ್ದೆಲ್ಲ ತಲೆಯಲ್ಲೇ ಉಳಿದುಹೋಯ್ತು. ಇವತ್ತು ಹಿಡಿದು ಕೂರಿಸಿದ್ದು ಒಂದು ಎಲೆ. ಇಸ್ಪೀಟೆಲೆ ಅಂತ ಹೇಳಿದ್ರೆ ನನ್ನ ತಮ್ಮ ಬೇಜಾರು ಮಾಡ್ಕೋತಾನೆ. ಇರಲಿ, ಮೊದಲಿಂದ ಹೇಳ್ತೀನಿ.

ಮೊನ್ನೆ ಭಾನುವಾರ ಸಂಜೆ ಕತ್ರಿಗುಪ್ಪೆಯಲ್ಲಿ ಜೋರು ಮಳೆ. ರಿಂಗ್ ರೋಡಿನ ಹಾರ್ನು ನಮ್ಮ ಮೂರನೇ ಮಹಡಿವರೆಗೂ ಕೇಳ್ತಿತ್ತು. ಚಿಕ್ಕಮ್ಮನ ಮಗ ಬಂದಿದ್ದ, ಇಂಜಿನಿಯರಿಂಗ್ ಎರಡನೇ ವರ್ಷ. ಕರೆಂಟು ಹೋಯ್ತು, ಹಿಂದೇನೇ ಇಂಟರ್ನೆಟ್ಟೂ ಹೋಯ್ತು. ಆಗ ಅವನು ಬ್ಯಾಗಿನಿಂದ ಒಂದು ಕಟ್ಟು ಎಲೆ ತೆಗೆದ. ಮ್ಯಾಜಿಕ್: ದಿ ಗ್ಯಾದರಿಂಗ್. ಒಂದೊಂದು ಎಲೆಯ ಮೇಲೂ ರಾಕ್ಷಸರು, ದೇವತೆಗಳು, ತೋಳಗಳು. ಮೇಣದಬತ್ತಿ ಹಚ್ಚಿಕೊಂಡು ಕೂತ್ವಿ.

ಅವನು ಕೊಟ್ಟ ಒಂದು ಎಲೆಯಲ್ಲಿ ಒಬ್ಬ ಮನುಷ್ಯನ ಚಿತ್ರ, ಕೆಳಗೆ 'ಡೇಬೌಂಡ್' ಅನ್ನೋ ಪದ. ತಿರುಗಿಸಿದ್ರೆ ಹಿಂದುಗಡೆ ಅದೇ ಮನುಷ್ಯ ತೋಳ ಆಗಿದಾನೆ, ಅಲ್ಲಿ 'ನೈಟ್‌ಬೌಂಡ್' ಅಂತ ಇದೆ.

"ಇದೇನೋ ಇದು?" ಅಂದೆ.

"ಹಗಲಲ್ಲಿ ಮನುಷ್ಯ, ರಾತ್ರಿ ತೋಳ ಕಣಣ್ಣ. ಈ ಎಲೆ ಇಳಿಸಿದ ತಕ್ಷಣ ಆಟಕ್ಕೆ ಹಗಲು ಶುರು. ಯಾರಾದ್ರೂ ತಮ್ಮ ಸರದಿಯಲ್ಲಿ ಒಂದೂ ಮಂತ್ರ ಹಾಕದೆ ಸುಮ್ನೆ ಬಿಟ್ರೆ ಮುಂದಿನ ಸರದಿಗೆ ರಾತ್ರಿ. ರಾತ್ರಿಯಲ್ಲಿ ಯಾರಾದ್ರೂ ತಮ್ಮ ಸರದಿಯಲ್ಲಿ ಎರಡು ಅಥವಾ ಜಾಸ್ತಿ ಮಂತ್ರ ಹಾಕಿದ್ರೆ ಮುಂದಿನ ಸರದಿಗೆ ಮತ್ತೆ ಹಗಲು. ಆಮೇಲೆ ಈ ಎಲೆ ಸತ್ತುಹೋದ್ರೂ ಹಗಲು-ರಾತ್ರಿ ಲೆಕ್ಕ ಮಾತ್ರ ಆಟ ಮುಗಿಯೋವರೆಗೂ ನಡೀತಾನೇ ಇರುತ್ತೆ."

ಒಂದೇ ಉಸಿರಲ್ಲಿ ಹೇಳಿದ. ಇಷ್ಟೆಲ್ಲ ಒಂದು ಪದದೊಳಗೆ! ನನಗೆ ಥಟ್ ಅಂತ ನೆನಪಾಗಿದ್ದು ಎರಡು. ಒಂದು, ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. ಇನ್ನೊಂದು, ನಮ್ಮಜ್ಜನ ಲೆಕ್ಕದ ಪುಸ್ತಕ. ಎರಡಕ್ಕೂ ಈ ತೋಳಕ್ಕೂ ಏನು ಸಂಬಂಧ ಅನ್ನೋದನ್ನೇ ಈ ಸಲ ಬರೀತಿದೀನಿ.

ಮೊದಲು ಈ ಕೀವರ್ಡ್ ಅನ್ನೋದು ಹೇಗೆ ಕೆಲಸ ಮಾಡುತ್ತೆ ನೋಡೋಣ. ರಿಚರ್ಡ್ ಗಾರ್ಫೀಲ್ಡ್ ಅನ್ನೋ ಗಣಿತದವರು ಮಾಡಿದ ಈ ಆಟವನ್ನು ವಿಜರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ ೧೯೯೩ರಲ್ಲಿ ಹೊರತಂದಿತು. ಇವತ್ತಿಗೆ ೨೫ ಸಾವಿರಕ್ಕೂ ಹೆಚ್ಚು ಬೇರೆ ಬೇರೆ ಎಲೆಗಳಿವೆ. ಒಂದೊಂದಕ್ಕೂ ಅದರದೇ ನಿಯಮ. ಇಷ್ಟನ್ನೂ ಅಂಗೈಯಗಲದ ಕಾಗದದ ಮೇಲೆ ಬರೆಯೋದು ಹೇಗೆ? ಪದೇ ಪದೇ ಬರುವ ನಿಯಮಕ್ಕೆ ಒಂದು ಹೆಸರಿಟ್ಟು, ಅದರ ಅರ್ಥವನ್ನ ನಿಯಮದ ಪುಸ್ತಕದಲ್ಲಿ ಒಂದೇ ಕಡೆ ಬರೆದುಬಿಡೋದು. 'ಫ್ಲೈಯಿಂಗ್' ಅಂತ ಇದ್ರೆ ಅದು ಹಾರುವ ಪ್ರಾಣಿ. ಅದನ್ನು ತಡೆಯೋಕೆ ಇನ್ನೊಂದು ಹಾರುವ ಪ್ರಾಣಿ ಬೇಕು, ಇಲ್ಲಾ 'ರೀಚ್' ಇರುವಂಥದ್ದು ಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಫಂಕ್ಷನ್ ಬರೆದಿಟ್ಟು ಬೇಕಾದ ಕಡೆ ಹೆಸರು ಹಿಡಿದು ಕರೆದ ಹಾಗೆ. ಹೊಸ ಪದವಾದ್ರೆ ಪಕ್ಕದಲ್ಲೇ ಓರೆ ಅಕ್ಷರದಲ್ಲಿ ಅರ್ಥ ನೆನಪಿಸಿರ್ತಾರೆ. ಅದು ಕೋಡಿನ ಪಕ್ಕ ಬರೆಯೋ ಕಾಮೆಂಟು :-)

ಇದೆಲ್ಲ ಒಂದೇ ದಿನಕ್ಕೆ ಆಗಿದ್ದಲ್ಲ. ೧೯೯೩ರ ಮೊದಲ ಕಟ್ಟಿನಲ್ಲೇ 'ಸೆರಾ ಏಂಜೆಲ್' ಅಂತ ಒಂದು ದೇವತೆ ಇತ್ತು. ಈ ಆಟದಲ್ಲಿ ದಾಳಿ ಮಾಡಿದ ಎಲೆಯನ್ನು ಅಡ್ಡಡ್ಡ ತಿರುಗಿಸಿಡಬೇಕು, ಅಂದ್ರೆ ಅದು ಸುಸ್ತಾಗಿದೆ, ಎದುರಾಳಿಯನ್ನು ತಡೆಯೋಕೆ ಬರೋದಿಲ್ಲ. ಈ ದೇವತೆ ಮಾತ್ರ ದಾಳಿ ಮಾಡಿದ್ರೂ ಸುಸ್ತಾಗಲ್ಲ. ಹಾಗಂತ ಎಲೆಯ ಮೇಲೆ ಪೂರ್ತಿ ವಾಕ್ಯ ಬರೆದಿದ್ರು. ಹನ್ನೊಂದು ವರ್ಷ ಅದೇ ವಾಕ್ಯ ಬೇರೆ ಬೇರೆ ಎಲೆಗಳಲ್ಲಿ ಬಂದು, ಕೊನೆಗೆ ೨೦೦೪ರಲ್ಲಿ ಅದಕ್ಕೆ 'ವಿಜಿಲೆನ್ಸ್' ಅಂತ ಹೆಸರಾಯ್ತು. ಮೊದಲು ಜನ ಆಡಿದ್ರು, ಆಮೇಲೆ ಹೆಸರು ಬಂತು. ಇದಕ್ಕೆ ಉಲ್ಟಾ ಕಥೆ 'ಬ್ಯಾಂಡಿಂಗ್'ದು. ಹೆಸರು ಮೊದಲ ದಿನದಿಂದಲೇ ಇತ್ತು, ಪುಸ್ತಕದಲ್ಲಿ ನಿಯಮವೂ ಇತ್ತು, ಆದರೆ ಅದು ಎಷ್ಟು ಸಿಕ್ಕುಸಿಕ್ಕು ಅಂದ್ರೆ ಆಡುವವರಿಗೇ ತಲೆಗೆ ಹೋಗ್ತಿರಲಿಲ್ಲ. ೧೯೯೭ರ ನಂತರ ಅದನ್ನ ಕೈಬಿಟ್ಟರು. ಅಂದ್ರೆ ಪುಸ್ತಕದಲ್ಲಿದ್ದರೆ ಸಾಲದು, ಮೇಜಿನ ಸುತ್ತ ಕೂತವರ ತಲೆಯಲ್ಲೂ ಇರಬೇಕು. ಡೇಬೌಂಡ್ ಬಂದಿದ್ದು ೨೦೨೧ರಲ್ಲಿ.

೨೦೨೧ ಅಂದ ತಕ್ಷಣ ನನಗೆ ನಗು ಬಂತು. ಯಾಕಂದ್ರೆ ಹಗಲು-ರಾತ್ರಿ ನೋಡಿಕೊಂಡು ನಿಯಮ ಬದಲಾಯಿಸೋ ಎಲೆಯಾಟ ನಮ್ಮಲ್ಲಿ ಯಾವತ್ತಿನಿಂದಲೋ ಇದೆ!

ಅದು ಗಂಜೀಫಾ. ಹೆಸರು ಪರ್ಷಿಯಾದ ಕಡೆಯದು. ಬಾಬರ್ ೧೫೨೭ರಲ್ಲಿ ಸಿಂಧ್‌ನ ಶಾ ಹಸನ್‌ಗೆ ಗಂಜೀಫಾ ಎಲೆಗಳನ್ನು ಕಳಿಸಿದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅಕ್ಬರನ ಕಾಲದ ಆಟವನ್ನು ಅಬುಲ್ ಫಜಲ್ 'ಐನ್-ಇ-ಅಕ್ಬರಿ'ಯಲ್ಲಿ ವಿವರಿಸಿದ್ದಾನೆ. ಎಲೆಗಳು ದುಂಡಗೆ, ಕೈಯಲ್ಲಿ ಬರೆದ ಚಿತ್ರಗಳು. ಇಸ್ಪೀಟಿನಲ್ಲಿ ಆಟೀನು, ಡೈಮಂಡು, ಇಸ್ಪೀಟು, ಕಳಾವರ ಅಂತ ನಾಲ್ಕು ಬಣ್ಣ ಇದ್ರೆ, ಮೊಘಲ್ ಗಂಜೀಫಾದಲ್ಲಿ ಎಂಟು. ಒಂದೊಂದಕ್ಕೆ ಹನ್ನೆರಡು ಎಲೆ, ಒಟ್ಟು ೯೬. ನಮ್ಮವರು ಅದನ್ನು ದಶಾವತಾರಕ್ಕೆ ಒಗ್ಗಿಸಿಕೊಂಡರು. ಹತ್ತು ಅವತಾರ, ಹತ್ತು ಬಣ್ಣ, ೧೨೦ ಎಲೆ. ಪ್ರತಿ ಅವತಾರಕ್ಕೂ ಒಬ್ಬ ರಾಜ, ಒಬ್ಬ ಮಂತ್ರಿ, ಆಮೇಲೆ ಒಂದರಿಂದ ಹತ್ತು. ಮತ್ಸ್ಯದ ಎಲೆಯಲ್ಲಿ ಮೀನು, ಕೂರ್ಮದ ಎಲೆಯಲ್ಲಿ ಆಮೆ, ಪರಶುರಾಮನದರಲ್ಲಿ ಕೊಡಲಿ ಎಣಿಸಿಕೊಂಡು ಆಡೋದು.

ಈಗ ನಿಯಮ ನೋಡಿ. ಹಗಲಲ್ಲಿ ಆಡಿದರೆ ರಾಮನ ರಾಜ ಯಾರ ಕೈಯಲ್ಲಿದ್ದಾನೋ ಅವರು ಆಟ ಶುರು ಮಾಡಬೇಕು. ದೀಪ ಹಚ್ಚಿದ ಮೇಲೆ ಆಡಿದರೆ ಕೃಷ್ಣನ ರಾಜ ಇದ್ದವರು. ಮೊಘಲ್ ಆಟದಲ್ಲೂ ಹೀಗೇ, ಹಗಲಿಗೆ ಸೂರ್ಯನ ಹಾಗಿರೋ ಚಿನ್ನದ ನಾಣ್ಯದ ಬಣ್ಣ, ರಾತ್ರಿಗೆ ಚಂದ್ರನ ಹಾಗಿರೋ ಬೆಳ್ಳಿ ನಾಣ್ಯದ ಬಣ್ಣ. ಇನ್ನೊಂದು ತಮಾಷೆ ಏನಂದ್ರೆ ಅರ್ಧ ಬಣ್ಣಗಳಲ್ಲಿ ರಾಜ, ಮಂತ್ರಿ ಆದ ಮೇಲೆ ಹತ್ತು ದೊಡ್ಡದು, ಒಂದು ಚಿಕ್ಕದು. ಉಳಿದರ್ಧ ಬಣ್ಣಗಳಲ್ಲಿ ಒಂದು ದೊಡ್ಡದು, ಹತ್ತು ಚಿಕ್ಕದು!

ಇದರಲ್ಲಿ ಯಾವುದೂ ಎಲೆಯ ಮೇಲೆ ಬರೆದಿಲ್ಲ. ಅಕ್ಷರವೇ ಇಲ್ಲ. ಮೀನಿನ ಚಿತ್ರ ನೋಡಿದ್ರೆ ಈ ಬಣ್ಣದಲ್ಲಿ ಲೆಕ್ಕ ಮೇಲಿಂದಲೋ ಕೆಳಗಿಂದಲೋ ಅಂತ ಆಡುವವರಿಗೆ ಗೊತ್ತಿರಬೇಕು. ಮೀನೇ ಕೀವರ್ಡು. ನಿಯಮದ ಪುಸ್ತಕ ಪಕ್ಕದಲ್ಲಿ ಕೂತಿರೋ ಅಜ್ಜಿ.

ಇಲ್ಲಿಂದ ಮೈಸೂರಿಗೆ ಬರೋಣ. ಮುಮ್ಮಡಿ ಕೃಷ್ಣರಾಜ ಒಡೆಯರು ೧೭೯೪ರಲ್ಲಿ ಹುಟ್ಟಿ, ೧೭೯೯ರಲ್ಲಿ ಟಿಪ್ಪು ಮಡಿದ ಮೇಲೆ ಐದು ವರ್ಷದ ಮಗುವಾಗಿ ಪಟ್ಟಕ್ಕೆ ಬಂದವರು. ೧೮೩೧ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು. ೧೮೬೮ರಲ್ಲಿ ತೀರಿಕೊಳ್ಳುವವರೆಗೂ ರಾಜ ಅನ್ನೋ ಹೆಸರಿತ್ತು, ರಾಜ್ಯ ನಡೆಸೋ ಕೆಲಸ ಇರಲಿಲ್ಲ. ಮೂವತ್ತೇಳು ವರ್ಷ! ಆ ಮನುಷ್ಯ ಸುಮ್ಮನೆ ಕೂರಲಿಲ್ಲ. ಪಂಡಿತರನ್ನೂ ಚಿತ್ರಕಾರರನ್ನೂ ಸೇರಿಸಿಕೊಂಡು ಪುಸ್ತಕ ಮಾಡಿಸಿದರು. ಚದುರಂಗದ ಕುದುರೆ ಒಂದು ಮನೆಗೂ ಎರಡು ಸಲ ಕಾಲಿಡದೆ ಅಷ್ಟೂ ಮನೆ ಸುತ್ತಿ ಬರೋ ಲೆಕ್ಕಗಳನ್ನು ತಾವೇ ಕಟ್ಟಿದರು. ಶ್ರೀತತ್ತ್ವನಿಧಿ ಅನ್ನೋ ದೊಡ್ಡ ಸಚಿತ್ರ ಗ್ರಂಥ ಅವರ ಹೆಸರಿನಲ್ಲೇ ಇದೆ. ಅದರಲ್ಲಿ ಒಂಬತ್ತು ನಿಧಿಗಳು, ಶಕ್ತಿನಿಧಿ, ವಿಷ್ಣುನಿಧಿ, ಶಿವನಿಧಿ ಹೀಗೆ. ಒಂಬತ್ತನೆಯದು ಕೌತುಕನಿಧಿ. ನಮ್ಮ ಎಲೆಗಳು ಇರೋದು ಅಲ್ಲಿ.

ಅವರು ಅದನ್ನು ಕರೆದಿದ್ದು 'ಛದ' ಅಂತ. ಸಂಸ್ಕೃತದಲ್ಲಿ ಛದ ಅಂದ್ರೆ ಎಲೆ. ನಾವು ಇವತ್ತಿಗೂ ಎಲೆ ಹಾಕು, ಎಲೆ ಹಂಚು ಅಂತಲೇ ಅನ್ನೋದಲ್ವಾ. ಅರಮನೆಯ ಛದದಲ್ಲಿ ಒಂದು ಬಣ್ಣಕ್ಕೆ ಸಾಮಾನ್ಯವಾಗಿ ಹದಿನೆಂಟು ಎಲೆ: ಅಂಕಿಯ ಎಲೆಗಳು ಹನ್ನೆರಡು, ರಾಜ-ಮಂತ್ರಿ ಥರದ ದರ್ಬಾರಿನ ಎಲೆಗಳು ಆರು. ಕೆಲವು ಆಟಗಳಲ್ಲಿ ಹದಿನೆಂಟು ಬಣ್ಣಗಳವರೆಗೆ ಇವೆ. ಕೆಲವು ಕಟ್ಟುಗಳಲ್ಲಿ ೩೬೦ ಎಲೆ. ಮುಮ್ಮಡಿಯವರ ಹೊಸತು ಇಷ್ಟೇ ಅಲ್ಲ. ಕಾಯಂ ತುರುಪು ಇದೆ, ಯಾವ ಎಲೆಯ ಬದಲಿಗೂ ನಿಲ್ಲಬಲ್ಲ ಎಲೆಯೂ ಇದೆ.

ಕಾಯಂ ತುರುಪು ಅಂದ್ರೇನು ಅಂತ ಸ್ವಲ್ಪ ನಿಂತು ನೋಡೋಣ. ನಮ್ಮೂರ ಇಪ್ಪತ್ತೆಂಟು ಆಟದಲ್ಲಿ ಯಾವ ಬಣ್ಣ ತುರುಪು ಅಂತ ಪ್ರತಿ ಆಟಕ್ಕೂ ಬೇರೆ. ಜಾಸ್ತಿ ಕೂಗಿದವರು ಒಂದು ಎಲೆ ಬೋರಲು ಹಾಕಿ ಮುಚ್ಚಿಡ್ತಾರೆ. ಕೇಳಿದಾಗ ತೆಗೀತಾರೆ. ಪ್ರೋಗ್ರಾಮ್ ಓಡುವಾಗ ಬೆಲೆ ತುಂಬೋ ವೇರಿಯಬಲ್ ಥರ. ಕಾಯಂ ತುರುಪು ಹಾಗಲ್ಲ. ಅದು ಹುಟ್ಟುತ್ತಲೇ ತುರುಪು, ಕೂಗಾಟ ಬೇಕಿಲ್ಲ, ಕಾನ್ಸ್ಟೆಂಟು. ಎಲೆಯೇ ತನ್ನ ಶಕ್ತಿಯನ್ನು ಹೊತ್ತುಕೊಂಡು ಬರುತ್ತೆ. ತಮ್ಮನ ಸೆರಾ ಏಂಜೆಲ್ ಮಾಡೋದೂ ಅದನ್ನೇ ತಾನೆ? ಯುರೋಪಿನಲ್ಲಿ ಈ ಯೋಚನೆ ಹದಿನೈದನೇ ಶತಮಾನದ ಇಟಲಿಯಲ್ಲಿ ಬಂತು. ಮುಂದೆ ಟ್ಯಾರೋ ಅನ್ನಿಸಿಕೊಂಡ ಆಟದಲ್ಲಿ ಇಪ್ಪತ್ತೆರಡು ವಿಶೇಷ ಎಲೆ ಸೇರಿಸಿದರು, ಅದನ್ನು 'ಟ್ರಿಯೊಂಫಿ', ಅಂದ್ರೆ ಗೆಲುವಿನ ಮೆರವಣಿಗೆಗಳು, ಅಂತ ಕರೆದರು. ಅದೇ ಇಂಗ್ಲಿಷಿನಲ್ಲಿ 'ಟ್ರಂಪ್', ಡಚ್ಚಿನಲ್ಲಿ 'ಟ್ರೂಫ್'. ಡಚ್ಚರ ಆ ಮಾತೇ ನಮ್ಮ ಬಾಯಲ್ಲಿ ತುರುಪು ಆಯ್ತು ಅಂತಾರೆ. ಮಲೆನಾಡಿನ ಜಗಲಿಯಲ್ಲಿ ಕೂತು "ತುರುಪು ತೆಗಿಯೋ" ಅನ್ನೋ ಅಜ್ಜನ ಬಾಯಲ್ಲಿ ಇಟಲಿಯ ಮೆರವಣಿಗೆ!

ಈಗ ಅಸಲಿ ಪ್ರಶ್ನೆ. ಇಷ್ಟು ಬುದ್ಧಿ ಖರ್ಚು ಮಾಡಿ ಕಟ್ಟಿದ ಮೈಸೂರಿನ ಛದ ಯಾಕೆ ಯಾರಿಗೂ ಗೊತ್ತಿಲ್ಲ? ಅದು ಅರಮನೆಯ ಹೊರಗೆ ಹರಡಲಿಲ್ಲ. ಅರಮನೆಯೊಳಗಾದರೂ ಎಷ್ಟು ಆಡಿದರು ಅನ್ನೋದೇ ಅನುಮಾನ ಅಂತ ಇತಿಹಾಸ ಬರೆದವರು ಹೇಳ್ತಾರೆ. ಎಲೆಗಳೇನೋ ಉಳಿದಿವೆ. ಮೈಸೂರು ಗಂಜೀಫಾಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಗಂಜೀಫಾ ರಘುಪತಿ ಭಟ್ಟರಂಥ ಕಲಾವಿದರು ಆ ಚಿತ್ರಕಲೆಗೆ ಮತ್ತೆ ಜೀವ ಕೊಟ್ಟರು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಹಳೇ ಆಟಗಳ ಪ್ರದರ್ಶನ ಮಾಡುತ್ತಾ ಬಂದಿದ್ದಾರೆ. ಆದರೆ ಗಂಜೀಫಾ ಅಂದ್ರೆ ಇವತ್ತು ನಮಗೆ ಗೋಡೆಗೆ ಹಾಕೋ ಚಿತ್ರ. ಕೈಯಲ್ಲಿ ಹಿಡಿದು "ಎಲೆ ಹಾಕು" ಅನ್ನೋರು ಎಷ್ಟು ಜನ?

ಕಷ್ಟ ಅಂತಲಾ? ತಮ್ಮನ ೨೫ ಸಾವಿರ ಎಲೆ ಇದಕ್ಕಿಂತ ಸುಲಭ ಏನಲ್ಲ. ನನಗೆ ಕಾರಣ ಬೇರೆ ಅನ್ನಿಸುತ್ತೆ, ಅದಕ್ಕೆ ಸುಳಿವು ಕೌತುಕನಿಧಿಯಲ್ಲೇ ಇದೆ. ಅದೇ ಭಾಗದಲ್ಲಿ ೧೨೨ ಯೋಗಾಸನಗಳ ಚಿತ್ರಗಳೂ ಇವೆ. ನಾರ್ಮನ್ ಸ್ಜೋಮನ್ ಅನ್ನೋ ವಿದ್ವಾಂಸರು ೧೯೯೬ರಲ್ಲಿ ಅದರ ಮೇಲೆ ಒಂದು ಪುಸ್ತಕವನ್ನೇ ತಂದರು. ೧೯೩೦ರ ದಶಕದಲ್ಲಿ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಹೇಳಿಕೊಟ್ಟಿದ್ದಕ್ಕೂ ಅರಮನೆಯ ಈ ಪರಂಪರೆಗೂ ನಂಟಿದೆ ಅನ್ನೋದು ಅವರ ವಾದ. ಆ ವಾದವನ್ನು ಪೂರ್ತಿ ಒಪ್ಪೋದು ಬಿಡೋದು ಬೇರೆ ಮಾತು. ಕಣ್ಣಿಗೆ ಕಾಣೋದಿಷ್ಟು: ಆಸನಕ್ಕೆ ಮೇಷ್ಟ್ರು ಸಿಕ್ಕರು. ಆ ಮೇಷ್ಟ್ರಿಗೆ ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸರಂಥ ಶಿಷ್ಯರು ಸಿಕ್ಕರು. ಅವರಿಂದ ಅದು ಪ್ರಪಂಚ ಸುತ್ತಿತು. ಎಲೆಯಾಟಕ್ಕೆ ಹಾಗೆ ಕೂರಿಸಿಕೊಂಡು ಹೇಳಿಕೊಡುವವರು ಸಿಗಲಿಲ್ಲ. ಒಂದೇ ನಿಧಿಯ ಎರಡು ಒಡವೆಗೆ ಎರಡು ಹಣೆಬರಹ.

ಆಸನ ಒಬ್ಬರೇ ಹಾಕಬಹುದು ಅನ್ನೋದೂ ನಿಜ. ಆಟಕ್ಕೆ ಎದುರಿಗೆ ಇನ್ನೊಬ್ಬರು ಬೇಕು, ಅವರಿಗೂ ಅದೇ ಪದಕ್ಕೆ ಅದೇ ಅರ್ಥ ಗೊತ್ತಿರಬೇಕು.

ಈಗ ನಮ್ಮಜ್ಜನ ಪುಸ್ತಕ. ಅಜ್ಜನ ಮನೆ ತೀರ್ಥಹಳ್ಳಿ ಹತ್ತಿರ. ಅಡಿಕೆ ಲೆಕ್ಕ ಬರೆಯೋ ಉದ್ದನೆ ಪುಸ್ತಕದ ಹಿಂದಿನಿಂದ ಅಜ್ಜ ಇಪ್ಪತ್ತೆಂಟರ ಅಂಕ ಬರೀತಿದ್ರು. ತಾರೀಖು, ಈ ಕಡೆಯವರು, ಆ ಕಡೆಯವರು. ಗೊತ್ತಿಲ್ಲದವರಿಗೆ ಹೇಳ್ತೀನಿ, ಈ ಆಟದಲ್ಲಿ ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕಕ್ಕೆ ಒಂದು, ಹತ್ತಕ್ಕೆ ಒಂದು. ನಾಲ್ಕು ಬಣ್ಣ ಸೇರಿ ಇಪ್ಪತ್ತೆಂಟು. ಆಟದ ಹೆಸರೇ ಅದರ ಲೆಕ್ಕ. ಆ ಪುಸ್ತಕದಲ್ಲಿ ಕೆಲವು ಸಾಲುಗಳ ಪಕ್ಕ ಅಜ್ಜ ಒಂದೇ ಪದ ಬರೆದಿದ್ದಾರೆ: ಮಳೆ.

ನಾನು ಪಿಯುಸಿಯಲ್ಲಿದ್ದಾಗ ಅಜ್ಜ ಹೋದರು. ರಜೆಗೆ ಹೋದಾಗಲೆಲ್ಲ ಅವರು "ಬಾರೋ, ಒಂದು ಕೈ ಕಮ್ಮಿ ಇದೆ" ಅಂತ ಕರೀತಿದ್ರು. ನಾನು ಮೊಬೈಲು ಹಿಡ್ಕೊಂಡು ಮೂಲೆಯಲ್ಲಿ ಕೂತಿರ್ತಿದ್ದೆ. ಮಳೆ ಅಂದ್ರೇನು ಅಂತ ಕೇಳೋಕೆ ನನಗೆ ವರ್ಷಗಟ್ಟಲೆ ಟೈಮಿತ್ತು.

ಆಮೇಲೆ ದೊಡ್ಡಪ್ಪನ್ನ ಕೇಳಿದೆ. "ಏನಿಲ್ಲ ಮಾರಾಯ, ಅವತ್ತು ಮಳೆ ಬಂದಿತ್ತು, ಬರ್ಕೊಂಡಿದಾರೆ" ಅಂದ್ರು. ಅತ್ತೆ ಮಾತ್ರ "ಅಲ್ಲಲ್ಲ, ಮಳೆ ಕೂಗಿ ಆಡೋದು ಅಂತಿತ್ತು. ಹ್ಯಾಂಗೆ ಅಂತ ನೆನಪಿಲ್ಲ. ಗಂಡಸರೇ ಆಡ್ತಿದ್ರು" ಅಂದ್ರು. ಅಜ್ಜಿ ನಕ್ಕು "ನಿಮ್ಮಜ್ಜನ್ನೇ ಕೇಳು" ಅಂದುಬಿಟ್ರು.

ಹೋದ ಸಲ ಊರಿಗೆ ಹೋದಾಗ ಪುಟಗಳ ಫೋಟೋ ತೆಗೆದುಕೊಂಡು ಬಂದಿದ್ದೆ. ಮೊನ್ನೆ ತಮ್ಮ ಮಲಗಿದ ಮೇಲೆ ಕೂತು ಎಲ್ಲ ಸಾಲನ್ನೂ ಸ್ಪ್ರೆಡ್‌ಶೀಟಿಗೆ ಹಾಕಿದೆ. ಲಾಗ್ ಫೈಲ್ ನೋಡಿ ಬಗ್ ಹುಡುಕೋದೇ ನನ್ನ ಹೊಟ್ಟೆಪಾಡು ತಾನೆ! ಎರಡೂ ಕಡೆಯ ಅಂಕ ಕೂಡಿಸಿದೆ. ಮಾಮೂಲಿ ಸಾಲುಗಳಲ್ಲಿ ಎಲ್ಲ ೨೮. 'ಮಳೆ' ಅಂತ ಇರೋ ಸಾಲು ಹದಿನೇಳು. ಅದರಲ್ಲಿ ಹದಿನಾರರಲ್ಲಿ ಮೊತ್ತ ೨೯.

ಮೈ ಜುಮ್ ಅಂತು. ಒಂದು ಸಾಲಿನ ತಾರೀಖು ಜನವರಿಯದು, ಆಗ ಯಾವ ಮಳೆ? ಅಂದ್ರೆ ಅತ್ತೆ ಹೇಳಿದ್ದೇ ಸರಿ. ಮಳೆ ಅನ್ನೋದು ಹವಾಮಾನ ಅಲ್ಲ, ನಿಯಮ. ಒಂದು ಅಂಕ ಜಾಸ್ತಿ. ಇದೇ ಆಟದ ಇನ್ನೊಂದು ರೂಪ 'ಇಪ್ಪತ್ತೊಂಬತ್ತು' ಅಂತ ಉತ್ತರದ ಕಡೆ, ಬಾಂಗ್ಲಾದೇಶದಲ್ಲೆಲ್ಲ ಇದೆ. ಅಲ್ಲಿ ಕೊನೆಯ ಸುತ್ತು ಗೆದ್ದವರಿಗೆ ಒಂದು ಅಂಕ ಹೆಚ್ಚು. ಅಜ್ಜನ ಮಳೆಯೂ ಅದೇ ಇರಬಹುದು. ಅಥವಾ ಮೊದಲ ಸುತ್ತಿಗಿರಬಹುದು, ತುರುಪು ತೆಗೆಸಿದವರಿಗಿರಬಹುದು. ಮೊತ್ತ ನೋಡಿ ಇದನ್ನು ಹೇಳೋಕಾಗಲ್ಲ. ಒಂದು ಸಾಲಿನಲ್ಲಿ ೨೮ ಯಾಕೆ ಬಂತು, ಅಜ್ಜ ಕೂಡಿಸುವಾಗ ತಪ್ಪಿದ್ರಾ, ಅಥವಾ ಆ ಅಂಕ ಯಾರಿಗೂ ಸಿಗದೇ ಹೋಗೋ ಸಂದರ್ಭ ಇತ್ತಾ, ಅದೂ ಗೊತ್ತಿಲ್ಲ. ಎಷ್ಟು ಅಂಕ ಅಂತ ಸಿಕ್ತು, ಯಾತಕ್ಕೆ ಅಂತ ಸಿಗಲಿಲ್ಲ.

ಮುಮ್ಮಡಿಯವರ ಹತ್ತಿರ ಪುಸ್ತಕ ಇತ್ತು, ಆಡುವವರು ಇರಲಿಲ್ಲ. ಅಜ್ಜನ ಹತ್ತಿರ ಆಡುವವರು ಜಗಲಿ ತುಂಬ ಇದ್ದರು, ಪುಸ್ತಕದಲ್ಲಿ ಒಂದೇ ಪದ. ತಮ್ಮನ ಕೈಲಿರೋ ಎಲೆಗೆ ಎರಡೂ ಇದೆ. ಅದಕ್ಕೇ ಅದು ಅಷ್ಟು ದೂರದಿಂದ ಕತ್ರಿಗುಪ್ಪೆವರೆಗೂ ನಡೆದು ಬಂದಿದೆ.

ಮಾರನೇ ದಿನ ತಮ್ಮನಿಗೆ ಇದನ್ನೆಲ್ಲ ಹೇಳಿದೆ. "ರೂಲ್ ಗೊತ್ತಿಲ್ದಿದ್ರೆ ಏನಾಯ್ತಣ್ಣ, ನಾವೇ ಒಂದು ಇಟ್ಕೊಂಡು ಆಡೋಣ" ಅಂದ. ರಾತ್ರಿ ಅಪ್ಪ ಅಮ್ಮನ್ನೂ ಕೂರಿಸಿಕೊಂಡು ನಾಲ್ಕು ಜನ ಇಪ್ಪತ್ತೆಂಟು ಆಡಿದ್ವಿ. ಅಮ್ಮ ಎರಡು ಸಲ ಮಳೆ ಕೂಗಿ ಎರಡೂ ಸಲ ಗೆದ್ದಳು. ಅಂಕ ಬರೆದ ಹಾಳೆಯ ತುದಿಯಲ್ಲಿ ನಾನು ಬರೆದಿಟ್ಟೆ: "ಮಳೆ - ಮೊದಲೇ ಕೂಗಿದ್ದರೆ, ಕೊನೆಯ ಸುತ್ತು ಗೆದ್ದವರಿಗೆ ಒಂದು ಅಂಕ. ಇದು ನಮ್ಮ ಊಹೆ. ಅಜ್ಜನದು ಬೇರೆ ಇದ್ದಿರಬಹುದು."

ತೀರ್ಥಹಳ್ಳಿ, ಕೊಪ್ಪ, ಹೊಸನಗರದ ಕಡೆಯವರು ಯಾರಾದ್ರೂ ಇದನ್ನು ಓದ್ತಿದ್ರೆ, ನಿಮ್ಮ ಮನೆಯ ಹಿರಿಯರನ್ನೊಮ್ಮೆ ಕೇಳಿ ನೋಡಿ. ಇಪ್ಪತ್ತೆಂಟರಲ್ಲಿ ಮಳೆ ಅಂದ್ರೇನು ಅಂತ ಗೊತ್ತಿದ್ದರೆ ನನಗೂ ತಿಳಿಸಿ. ಹಾಳೆಯಲ್ಲಿ ಕೆಳಗೆ ಜಾಗ ಬಿಟ್ಟಿದೀನಿ.